ಹುಟ್ಟದ ಮಗುವಿಗೂ ಒಂದು ಸಾಲು ಬರೆಯಿರಿ: ಶಾಸಕರಿಗೆ ಬಹಿರಂಗ ಪತ್ರ

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನಕ್ಕೆ ಸೇರುವ ವಿಧಾನಸಭೆ ಹಾಗೂ ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ,
ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ವಿಷಯ: ಸತ್ತು ಹುಟ್ಟಿದ ಶಿಶುಗಳ ನೋಂದಣಿ ಮತ್ತು ಅಂತ್ಯಸಂಸ್ಕಾರ, ಹಾಗೂ ಹೆಣ್ಣು ಭ್ರೂಣಹತ್ಯೆ ಪ್ರಕರಣಗಳ ಕುರಿತು.

ಮಾನ್ಯರೇ,

ನಾನು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯವಳು. 33 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಪ್ರತಿ ಜೂನ್ ತಿಂಗಳಲ್ಲಿ ಹೊಸ ಹಾಜರಿ ಪುಸ್ತಕ ತೆರೆದು ಮಕ್ಕಳ ಹೆಸರು ಬರೆಯುವುದು ನನ್ನ ವರ್ಷದ ಮೊದಲ ಕೆಲಸವಾಗಿತ್ತು. ಶಾಲೆಗೆ ಬರದೆ ಕುರಿ ಕಾಯಲು ಹೋದ ಮಗುವಿಗೂ, ತಂದೆ ತಾಯಿಯೊಂದಿಗೆ ಕಬ್ಬು ಕಡಿಯುವ ಗ್ಯಾಂಗಿಗೆ ಹೋದ ಮಗುವಿಗೂ ಆ ಪುಸ್ತಕದಲ್ಲಿ ಒಂದು ಸಾಲು ಇರುತ್ತಿತ್ತು. ಸರ್ಕಾರದ ಯಾವ ಪುಸ್ತಕದಲ್ಲೂ ಸಾಲು ಸಿಗದ ಮಗುವೊಂದು ನನ್ನ ಮನೆಯಲ್ಲೇ ಹುಟ್ಟುತ್ತದೆ ಎಂದು ನಾನು ಎಣಿಸಿರಲಿಲ್ಲ.

ಕಳೆದ ವರ್ಷ ನನ್ನ ಮಗಳು ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದೆವು. ರವಿಕೆಗೆಂದು ಗುಳೇದಗುಡ್ಡದ ಕಣದ ಬಟ್ಟೆ, ಹಸಿರು ಇಳಕಲ್ ಸೀರೆ, ಕೈ ತುಂಬ ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ. ಓಣಿಯ ಹಿರಿಯ ಹೆಂಗಸರು ಹೊಟ್ಟೆಯೊಳಗಿನ ಕೂಸನ್ನು ಕರೆದು ಕರೆದು ಹಾಡಿದರು. ಅಲ್ಲಿಂದ ಅವಳನ್ನು ತವರಿಗೆ ಕರೆತಂದು ಹದಿನೈದು ದಿನವೂ ಆಗಿರಲಿಲ್ಲ. 31ನೆಯ ವಾರ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತು, ‘ಅವ್ವಾ, ರಾತ್ರಿಯಿಂದ ಕೂಸು ಮಿಸುಕಾಡಿಲ್ಲ’ ಎಂದಳು. ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದೆವು. ಸ್ಕ್ಯಾನ್ ಮಾಡುತ್ತಿದ್ದ ವೈದ್ಯರು ಮಾತು ನಿಲ್ಲಿಸಿ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡಾಗಲೇ ನನಗೆ ತಿಳಿಯಿತು. ಮರುದಿನ ಹೆರಿಗೆಯಾಯಿತು. ಚಿಕಿತ್ಸೆಯಲ್ಲಿ ತಪ್ಪು ಹುಡುಕಲು ಈ ಪತ್ರ ಬರೆಯುತ್ತಿಲ್ಲ. ಆ ವೈದ್ಯರು ತಮ್ಮ ಕೈಲಾದದ್ದನ್ನು ಮಾಡಿದರು. ನನ್ನ ದೂರು ಅನಂತರ ನಡೆದುದರ ಬಗ್ಗೆ.

ಹೆರಿಗೆ ಕೋಣೆಯಿಂದ ಹೊರಬಂದ ಸಿಬ್ಬಂದಿಯೊಬ್ಬರು ನನ್ನ ಅಳಿಯನ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಸಲೈನ್ ಬಾಟಲಿಗಳು ಬರುವ ಪೆಟ್ಟಿಗೆ. ಅದರ ಮೇಲೆ ತಯಾರಾದ ದಿನಾಂಕ ಇತ್ತು, ಬ್ಯಾಚ್ ಸಂಖ್ಯೆ ಇತ್ತು, ಯಾವ ಭಾಗ ಮೇಲಿರಬೇಕು ಎಂದು ತೋರಿಸುವ ಬಾಣದ ಗುರುತೂ ಇತ್ತು. ಒಳಗಿದ್ದವಳ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ‘ಬೇಗ ಒಯ್ಯಿರಿ, ಇಲ್ಲದಿದ್ದರೆ ಹಳದಿ ಚೀಲಕ್ಕೆ ಹೋಗುತ್ತದೆ’ ಎಂದರು. ಹಳದಿ ಚೀಲ ಎಂದರೆ ಆಸ್ಪತ್ರೆಯ ತ್ಯಾಜ್ಯದ ಚೀಲ. ನಾನು ಪೆಟ್ಟಿಗೆ ತೆರೆದೆ. ತಲೆ ತುಂಬ ಕೂದಲು, ಕೈ ಬೆರಳುಗಳಿಗೆ ಉಗುರು ಕೂಡ ಬಂದಿದ್ದವು. ಬಲಗೈ ಮುಷ್ಟಿ ಕಟ್ಟಿಕೊಂಡು ಗಲ್ಲಕ್ಕೆ ಆತುಕೊಂಡಿತ್ತು. ಹೆಣ್ಣು ಕೂಸು. ಕುಬಸದ ಕಣ ಇನ್ನೂ ಹೊಲಿಸದೆ ನನ್ನ ಚೀಲದಲ್ಲೇ ಇತ್ತು. ಅದರಲ್ಲಿ ಸುತ್ತಿದೆ. ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು, ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ಬಂದೆ. ನಮ್ಮ ಹೊಲದ ಬದುವಿನ ಬನ್ನಿ ಗಿಡದ ಕೆಳಗೆ ಮಣ್ಣು ಮಾಡಿದೆವು.

ನನ್ನ ಮಗಳು ಆ ಮುಖ ನೋಡಲಿಲ್ಲ. ನೋಡುತ್ತೀಯಾ ಎಂದು ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನೋಡಿದರೆ ಹುಡುಗಿ ತಡೆದುಕೊಳ್ಳುವುದಿಲ್ಲ ಎಂದು ಸುತ್ತಲಿನ ಎಲ್ಲರೂ ಹೇಳಿದರು, ನಾನು ನಂಬಿದೆ. ಮೂರನೆಯ ದಿನ ಎದೆಹಾಲು ಉಕ್ಕಿತು. ಅವಳ ಹಾಸಿಗೆಯ ಎರಡೂ ಬದಿಗೆ ಕೂಸುಗಳು ಅಳುತ್ತಿದ್ದವು. ಸೀರೆಯ ಸೆರಗು ತೊಯ್ದು ಹೋಗುತ್ತಿದ್ದರೂ ಅವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ನೋಡಲು ಬಂದ ನೆಂಟರೊಬ್ಬರು ಸಮಾಧಾನ ಹೇಳಲೆಂದು, ‘ಹೆಣ್ಣು ಕೂಸಲ್ಲವೇ, ಹೋಗಲಿ ಬಿಡು, ಮುಂದೆ ಗಂಡು ಆಗುತ್ತದೆ’ ಎಂದರು. ಆ ಮಾತನ್ನು ನೆನಪಿಟ್ಟುಕೊಳ್ಳಿ ಎಂದು ಕೋರುತ್ತೇನೆ. ಮುಂದೆ ಅದೇ ಮಾತಿಗೆ ಮರಳಿ ಬರುತ್ತೇನೆ.

ತಿಂಗಳ ಮೇಲೆ ಜನನ ಮರಣ ನೋಂದಣಿ ಕೌಂಟರಿಗೆ ಹೋದೆ. ಆಸ್ತಿಗಾಗಿ ಅಲ್ಲ, ಪರಿಹಾರಕ್ಕಾಗಿ ಅಲ್ಲ. ಮಗಳ ಕೈಗೆ ಕೊಡಲು ಒಂದು ಕಾಗದ ಬೇಕಿತ್ತು. ಅಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ. ‘ಅಮ್ಮಾ, ಜನನ ಪತ್ರ ಕೊಡಲು ಮಗು ಜೀವಂತ ಹುಟ್ಟಿಲ್ಲ, ಮರಣ ಪತ್ರ ಕೊಡಲು ಹುಟ್ಟಿಯೇ ಇಲ್ಲ. ನಾನು ಯಾವ ನಮೂನೆಯಲ್ಲಿ ಬರೆಯಲಿ?’ ಎಂದು ಕೇಳಿದರು. ಆಸ್ಪತ್ರೆಯಿಂದ ವರದಿ ಬಂದಿದೆಯೇ ಎಂದು ಹುಡುಕಿಸಿದೆ. ಬಂದಿರಲಿಲ್ಲ. ಅದಾಗಿ ಕೆಲವು ದಿನಗಳಲ್ಲಿ ಮಗಳ ಮೊಬೈಲಿಗೆ ಮಗುವಿನ ಲಸಿಕೆಯ ದಿನ ನೆನಪಿಸುವ ಸಂದೇಶ ಬಂತು. ತಾಯಿ ಕಾರ್ಡಿನ ಸಂಖ್ಯೆ ಮಾತ್ರ ಬದುಕಿತ್ತು.

ಮಾನ್ಯರೇ, ಕಾನೂನು ಏನು ಹೇಳುತ್ತದೆ ಎಂದು ಆಮೇಲೆ ಕೂತು ಓದಿದೆ. ಓದಿದಷ್ಟೂ ನನ್ನ ಅಸಮಾಧಾನ ಹೆಚ್ಚಿತು, ಏಕೆಂದರೆ ಹುಟ್ಟದ ಮಗು ನಮ್ಮ ಕಾನೂನಿಗೆ ಅಪರಿಚಿತವೇನೂ ಅಲ್ಲ.

ಆಸ್ತಿಯ ವಿಷಯ ಬಂದಾಗ ಅದಕ್ಕೆ ಎಷ್ಟು ಮರ್ಯಾದೆ ನೋಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೆಯ ಕಲಂ ಪ್ರಕಾರ, ವ್ಯಕ್ತಿ ಸಾಯುವಾಗ ಗರ್ಭದಲ್ಲಿದ್ದು ಮುಂದೆ ಜೀವಂತ ಹುಟ್ಟಿದ ಮಗುವಿಗೆ, ಮೊದಲೇ ಹುಟ್ಟಿದ್ದವರಿಗೆ ಇರುವಷ್ಟೇ ಹಕ್ಕು ಉಂಟು. ನಮ್ಮ ಹಿರಿಯರಿಗೆ ಇದು ಕಲಂ ಓದದೆಯೂ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ತವರಿನ ಓಣಿಯಲ್ಲಿ ಒಬ್ಬರು ಹಾವು ಕಡಿದು ತೀರಿಕೊಂಡರು. ಹೆಂಡತಿ ಆರು ತಿಂಗಳ ಬಸುರಿ. ಅಣ್ಣತಮ್ಮಂದಿರು ಹೊಲ ಹಂಚುವ ವಾಟ್ನಿಗೆ ಅವಸರ ಮಾಡಿದಾಗ ಪಂಚರು, ‘ಒಳಗಿರುವವರನ್ನು ಕೇಳದೆ ಹೇಗೆ ಹಂಚುತ್ತೀರಿ?’ ಎಂದು ಹಗ್ಗ ಹಿಡಿದು ಅಳೆಯಲು ಬಂದವರನ್ನು ವಾಪಸು ಕಳಿಸಿದ್ದರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೂ ಇನ್ನೂ ಗರ್ಭದಲ್ಲೇ ಇಲ್ಲದ ವ್ಯಕ್ತಿಯ ಒಳಿತಿಗೂ ಆಸ್ತಿ ಬರೆದಿಡಲು ದಾರಿ ಮಾಡಿಕೊಟ್ಟಿದೆ.

ಮರಣದಂಡನೆಗೆ ಗುರಿಯಾದ ಹೆಣ್ಣು ಗರ್ಭಿಣಿಯೆಂದು ತಿಳಿದರೆ ಹೈಕೋರ್ಟ್ ಆ ಶಿಕ್ಷೆಯನ್ನು ಜೀವಾವಧಿಗೆ ಇಳಿಸಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 88ರಿಂದ 92ರವರೆಗೆ ಐದು ಕಲಂಗಳು ಗರ್ಭಕ್ಕೆ ಸಂಬಂಧಿಸಿದವೇ. ಹೆಣ್ಣಿನ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸಿದವರಿಗೆ ಜೀವಾವಧಿಯವರೆಗೂ ಶಿಕ್ಷೆ ಆಗಬಹುದು. ಆದರೂ ಗರ್ಭದಲ್ಲಿರುವ ಮಗುವಿನ ಸಾವಿಗೆ ಕಾರಣವಾಗುವುದನ್ನು ಅದೇ ಸಂಹಿತೆ ನರಹತ್ಯೆ ಎಂದು ಕರೆಯುವುದಿಲ್ಲ. ಮಗುವಿನ ದೇಹದ ಯಾವುದಾದರೂ ಭಾಗ ಹೊರಗೆ ಬಂದ ಮೇಲೆ ಮಾತ್ರ ಆ ಪ್ರಶ್ನೆ ಏಳುತ್ತದೆ. ಅಂದರೆ ಕಾನೂನಿನ ಕಣ್ಣಿಗೆ ಅದು ಪೂರ್ಣ ವ್ಯಕ್ತಿಯಲ್ಲ, ಏನೂ ಅಲ್ಲದ್ದೂ ಅಲ್ಲ. ಈ ನಡುವಿನ ಸ್ಥಾನಕ್ಕೆ ನನ್ನ ತಕರಾರಿಲ್ಲ. ಅದು ಸರಿಯೆಂದೇ ನಾನು ತಿಳಿದಿದ್ದೇನೆ.

ತಕರಾರು ಇರುವುದು ಹಳದಿ ಚೀಲದ ಬಗ್ಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹಳದಿ ಚೀಲಕ್ಕೆ ಹಾಕಬೇಕಾದ ವಸ್ತುಗಳಲ್ಲಿ ಭ್ರೂಣವನ್ನೂ ಸೇರಿಸಿವೆ. ಆದರೆ ಹೊರಗೆ ಬದುಕಬಲ್ಲ ಅವಧಿಯನ್ನು ಮುಟ್ಟದ ಭ್ರೂಣ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. 31 ವಾರದ ಕೂಸು ಆ ಪಟ್ಟಿಗೆ ಸೇರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ‘ಜನನ’ ಎಂಬ ಪದದ ಅರ್ಥದಲ್ಲೇ ಸತ್ತು ಹುಟ್ಟುವುದನ್ನೂ ಸೇರಿಸಿದೆ. ವರದಿ ಮಾಡಬೇಕಾದವರು ಆಸ್ಪತ್ರೆಯ ಹೊಣೆ ಹೊತ್ತವರೇ. ಅದಕ್ಕೆಂದೇ ಪ್ರತ್ಯೇಕ ನಮೂನೆ ಇದೆ. ಕಾಯ್ದೆ ಇದೆ, ನಮೂನೆ ಇದೆ, ಕೌಂಟರ್ ಇದೆ. ಆದರೂ ನನ್ನ ಮೊಮ್ಮಗಳಿಗೆ ಸಾಲಿಲ್ಲ. ನೋಂದಣಿಯಾಗಿದ್ದರೂ ಆ ನಮೂನೆಯಲ್ಲಿ ಮಗುವಿನ ಹೆಸರಿಗೆ ಜಾಗ ಇಲ್ಲ.

ಈಗ ನೆಂಟರ ಆ ಮಾತಿಗೆ ಬರುತ್ತೇನೆ. ‘ಹೆಣ್ಣು ಕೂಸಲ್ಲವೇ, ಹೋಗಲಿ ಬಿಡು.’

2022ರ ಜೂನ್ ತಿಂಗಳಲ್ಲಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ, ಚರಂಡಿಯೊಳಗೆ ಡಬ್ಬಿಗಳಲ್ಲಿ ತುಂಬಿದ ಏಳು ಭ್ರೂಣಗಳು ಸಿಕ್ಕವು. ಆ ಸುದ್ದಿ ಓದಿದ ದಿನ ನಾನು ಇಡೀ ದಿನ ಅನ್ನ ಮುಟ್ಟಲಿಲ್ಲ. ಅದಕ್ಕೂ ಮೊದಲು, 2017ರ ಮಾರ್ಚ್‌ನಲ್ಲಿ, ಕಾಗವಾಡದ ಆಚೆ ಗಡಿ ದಾಟಿದರೆ ಸಿಗುವ ಮಹಾರಾಷ್ಟ್ರದ ಮ್ಹೈಸಾಳದಲ್ಲಿ ಹಳ್ಳದ ಹತ್ತಿರ ಹೂತಿಟ್ಟ 19 ಭ್ರೂಣಗಳನ್ನು ಅಗೆದು ತೆಗೆದರು. 2023ರಲ್ಲಿ ಮಂಡ್ಯದ ಕಡೆ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದ ಜಾಲ ಬಯಲಾಯಿತು. 2024ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಮಹಾಲಿಂಗಪುರಕ್ಕೆ ಗರ್ಭಪಾತಕ್ಕೆಂದು ಬಂದ ಮಹಾರಾಷ್ಟ್ರದ ಹೆಣ್ಣುಮಗಳೊಬ್ಬಳು ಜೀವ ಕಳೆದುಕೊಂಡಳು. ಗಡಿಯ ಆಚೆಯವರು ಈಚೆಗೆ, ಈಚೆಯವರು ಆಚೆಗೆ. ಕೃಷ್ಣೆ ಹರಿದು ಬರುವ ದಾರಿಯಲ್ಲೇ ಈ ವ್ಯವಹಾರವೂ ಹರಿದಾಡುತ್ತಿದೆ.

ಲಿಂಗಪತ್ತೆ ನಿಷೇಧ ಕಾಯ್ದೆ ಬಂದದ್ದು 1994ರಲ್ಲಿ. ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರಾವುದೇ ರೀತಿಯಿಂದಾಗಲಿ ತಿಳಿಸಬಾರದು ಎಂದು ಅದರ 5ನೆಯ ಕಲಂ ಹೇಳುತ್ತದೆ. ಪ್ರತಿ ಗರ್ಭಿಣಿಯ ಸ್ಕ್ಯಾನಿಂಗಿಗೂ ಎಫ್ ನಮೂನೆ ತುಂಬಬೇಕು. ನಾನು ಬಹಳವಾಗಿ ಗೌರವಿಸುವುದು ಅದರ 24ನೆಯ ಕಲಮನ್ನು. ಬಸುರಿ ಹೆಣ್ಣು ಲಿಂಗಪತ್ತೆ ಮಾಡಿಸಿಕೊಂಡರೆ, ಬೇರೆ ಸಾಕ್ಷ್ಯ ಸಿಗದ ಹೊರತು, ಗಂಡನೋ ಮನೆಯವರೋ ಅವಳನ್ನು ಒತ್ತಾಯಿಸಿದ್ದಾರೆ ಎಂದೇ ನ್ಯಾಯಾಲಯ ಭಾವಿಸಬೇಕು. ಆ ಕಲಂ ಬರೆದವರಿಗೆ ನಮ್ಮ ಮನೆಗಳು ಗೊತ್ತಿದ್ದವು. ಎರಡು ಹೆಣ್ಣು ಹೆತ್ತವಳ ತಟ್ಟೆಗೆ ಮೂರನೆಯ ಬಸಿರಿನಲ್ಲಿ ರೊಟ್ಟಿ ಹೇಗೆ ಬೀಳುತ್ತದೆ, ಅತ್ತೆ ಮನೆಯಲ್ಲಿ ಬಾಗಿಲುಗಳು ಹೇಗೆ ಮುಚ್ಚುತ್ತವೆ ಎಂಬುದು ಗೊತ್ತಿತ್ತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ಪತ್ರವನ್ನು ಹೆಣ್ಣಿನ ವಿರುದ್ಧವೇ ಬಳಸುವವರು ಹುಟ್ಟಿಕೊಳ್ಳುತ್ತಾರೆ. ಗರ್ಭ ನಿಂತ ಗಳಿಗೆಯಿಂದಲೇ ಅದು ಪೂರ್ಣ ಮನುಷ್ಯ, ತಾಯಿಗೆ ಅದರ ಮೇಲೆ ಯಾವ ನಿರ್ಧಾರವೂ ಇರಕೂಡದು ಎನ್ನುವವರ ಜೊತೆ ನಾನಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಬಾಡಿಗೆ ಮನೆಯ ಪಕ್ಕದಲ್ಲಿದ್ದ ನಾಲ್ಕು ಮಕ್ಕಳ ತಾಯಿ ಗರ್ಭ ಇಳಿಸಿಕೊಳ್ಳಲು ಯಾರೋ ಕೊಟ್ಟ ಬೇರಿನ ಮದ್ದು ತೆಗೆದುಕೊಂಡು ಮೂರು ದಿನ ಜ್ವರದಲ್ಲಿ ಬೆಂದು ಸತ್ತಳು. ಅವಳಿಗೆ ಸರ್ಕಾರಿ ಆಸ್ಪತ್ರೆಯ ಬಾಗಿಲು ತೆರೆದಿದೆ ಎಂದು ಹೇಳುವವರಿರಲಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಅಂಥವರಿಗಾಗಿಯೇ ಇರುವುದು. 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಅತ್ಯಾಚಾರಕ್ಕೆ ಒಳಗಾದವರೂ ಸೇರಿದಂತೆ ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಅದರಾಚೆ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಈ 24 ವಾರಗಳ ಅವಕಾಶದಲ್ಲಿ ಮದುವೆಯಾಗದ ಹೆಣ್ಣುಮಕ್ಕಳನ್ನೂ ಹೊರಗಿಡುವಂತಿಲ್ಲ ಎಂದಿತು. ಅದೇ ನ್ಯಾಯಾಲಯ 2023ರ ಅಕ್ಟೋಬರ್‌ನಲ್ಲಿ 26 ವಾರ ದಾಟಿದ ಗರ್ಭವೊಂದರ ವಿಷಯದಲ್ಲಿ, ಭ್ರೂಣ ಆರೋಗ್ಯವಾಗಿದೆ ಎಂಬ ವರದಿ ನೋಡಿ, ಅನುಮತಿ ಕೊಡಲಿಲ್ಲ. ವಾರ ಬೆಳೆದಂತೆ ಗರ್ಭದ ಹಕ್ಕೂ ತೂಕ ಪಡೆಯುತ್ತದೆ ಎಂಬ ಈ ದಾರಿ ನನ್ನ ಅನುಭವಕ್ಕೆ ಒಪ್ಪುತ್ತದೆ. ಎರಡು ತಿಂಗಳಲ್ಲಿ ಗರ್ಭ ಕಳೆದುಕೊಂಡ ನನ್ನ ತಂಗಿಯ ದುಃಖವೂ ದುಃಖವೇ, ಆದರೆ ಬನ್ನಿ ಗಿಡದ ಕೆಳಗೆ ಮಲಗಿರುವವಳು ನಮ್ಮೊಡನೆ ಅಷ್ಟು ತಿಂಗಳು ಇದ್ದು ಹೋದವಳು.

ಹೆಣ್ಣೆಂಬ ಕಾರಣಕ್ಕೆ ತೆಗೆಸುವುದು ಬೇರೆಯೇ ಸಂಗತಿ. ಅಲ್ಲಿ ನಿರ್ಧಾರ ಬಹುಪಾಲು ಹೊತ್ತವಳದ್ದಲ್ಲ. ಅಲ್ಲಿ ಬೇಡವಾದದ್ದು ಬಸಿರಲ್ಲ, ಹೆಣ್ಣು. ಇವೆರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದರಿಂದ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಎಲ್ಲಾದರೂ ದಾಳಿ ನಡೆದ ಸುದ್ದಿ ಬಂದ ಮೇಲೆ ನಮ್ಮ ಭಾಗದಲ್ಲಿ ಕೆಲವು ದಿನ, ಕಾನೂನಿನ ಪ್ರಕಾರವೇ ಗರ್ಭಪಾತ ಕೇಳಿ ಬಂದ ಬಡ ಹೆಂಗಸನ್ನೂ ‘ನಮಗೆ ತೊಂದರೆ ಬೇಡ’ ಎಂದು ಮೆಟ್ಟಿಲಲ್ಲೇ ತಿರುಗಿಸಿ ಕಳಿಸುತ್ತಾರೆ. ಅವಳು ಎಲ್ಲಿಗೆ ಹೋಗಬೇಕು? ಮತ್ತೆ ಆ ಬೇರಿನ ಮದ್ದಿಗೇ.

ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದಿಟ್ಟ ಲಜ್ಜಾಗೌರಿಯ ವಿಗ್ರಹವಿದೆ. ಮುಖದ ಜಾಗದಲ್ಲಿ ತಾವರೆ, ಹೆರುವ ಭಂಗಿ. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಾನು ಅದರ ಮುಂದೆ ನಿಲ್ಲಗೊಡದೆ ಬೇಗ ಬೇಗ ಮುಂದಕ್ಕೆ ಸಾಗಿಸುತ್ತಿದ್ದೆ. ಈಗ ಅದಕ್ಕಾಗಿ ನೋಯುತ್ತೇನೆ. ಚಾಲುಕ್ಯರ ಕಾಲದ ಜನ ಹೆರುವ ದೇಹವನ್ನೇ ದೇವರೆಂದು ಕೆತ್ತಿ ಪೂಜಿಸಿದ ನೆಲದಲ್ಲಿ, ಹೆತ್ತ ದೇಹದ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆ ಬಂತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ.

28 ವಾರ ತುಂಬಿ ಸತ್ತು ಹುಟ್ಟಿದ ಪ್ರತಿ ಶಿಶುವಿನ ವರದಿಯನ್ನು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಕಳಿಸುತ್ತಿವೆಯೇ ಎಂದು ಮೂರೂ ಜಿಲ್ಲೆಗಳಲ್ಲಿ ತಪಾಸಣೆ ಮಾಡಿಸಿ. ತಂದೆ ತಾಯಿ ಬಯಸಿದರೆ ಹೆಸರು ಬರೆದ ಒಂದು ಪ್ರಮಾಣಪತ್ರ ಕೊಡುವ ಹಾಗೆ ರಾಜ್ಯದ ನಿಯಮಗಳಿಗೆ ತಿದ್ದುಪಡಿ ತನ್ನಿ. ಕೇಂದ್ರದ ಒಪ್ಪಿಗೆ ಬೇಕಾದರೆ ಕೇಳಿ ಪಡೆಯಿರಿ. ಇಂಗ್ಲೆಂಡಿನಲ್ಲಿ 2024ರಿಂದ, 24 ವಾರಕ್ಕೆ ಮೊದಲೇ ಕಳೆದುಹೋದ ಗರ್ಭಕ್ಕೂ ಬಯಸಿದವರಿಗೆ ಸರ್ಕಾರ ಪ್ರಮಾಣಪತ್ರ ಕೊಡುತ್ತಿದೆ. ಅದರಿಂದ ಅಲ್ಲಿ ಗರ್ಭಪಾತದ ಕಾನೂನು ಬದಲಾಗಿಲ್ಲ, ಯಾವ ಹೆಣ್ಣಿನ ಹಕ್ಕೂ ಕಡಿಮೆಯಾಗಿಲ್ಲ.

ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಡಲಿ. ತಾಯಿಗೆ ನೋಡಬೇಕೇ ಎಂದು ಒಮ್ಮೆ ಕೇಳಲಿ, ಬೇಡವೆಂದರೆ ಒತ್ತಾಯಿಸದಿರಲಿ. ಕೂಸು ಕಳೆದುಕೊಂಡವಳನ್ನು ಕೂಸು ಇರುವವರ ನಡುವೆ ಮಲಗಿಸದಿರಲಿ. ಇದಕ್ಕೆ ಹಣ ಬೇಕಿಲ್ಲ. ಹಳದಿ ಚೀಲಕ್ಕೆ ಹೋಗುವ ವಾರದ್ದಾದರೂ, ಮನೆಯವರು ಕೇಳಿದರೆ ಮಣ್ಣು ಮಾಡಲು ಒಪ್ಪಿಸಲಿ. ನಮಗೆ ಹೊಲವಿತ್ತು, ಬದುವಿತ್ತು. ಹೊಲವಿಲ್ಲದವರು ಸ್ಮಶಾನಕ್ಕೆ ಹೋದರೆ ಅಲ್ಲಿ ಕಾಗದ ಕೇಳುತ್ತಾರೆ, ಕಾಗದವೇ ಇಲ್ಲ. ಪ್ರತಿ ಊರಿನ ಸ್ಮಶಾನದಲ್ಲಿ ಇಂಥ ಮಕ್ಕಳಿಗೆಂದು ಒಂದಿಷ್ಟು ಜಾಗ ಗುರುತಿಸಿ.

1961ರ ಹೆರಿಗೆ ಸೌಲಭ್ಯ ಕಾಯ್ದೆ ‘ಮಗು’ ಎಂಬ ಪದದಲ್ಲಿ ಸತ್ತು ಹುಟ್ಟಿದ ಮಗುವನ್ನೂ ಸೇರಿಸಿತ್ತು, ಸಂಬಳದ ನೌಕರಿ ಇರುವವಳಿಗೆ ರಜೆ ಸಿಗುತ್ತದೆ. ಕಬ್ಬು ಕಡಿಯುವವಳಿಗೆ ಏನಿದೆ? ವಿಜಯಪುರದ ತಾಂಡಾಗಳಿಂದ ತುಂಬು ಬಸುರಿಯರು ಗ್ಯಾಂಗಿನೊಂದಿಗೆ ಹೋಗಿ ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಏಣಿ ಹತ್ತುವುದನ್ನು ನೀವೂ ರಸ್ತೆಯಲ್ಲಿ ಕಂಡಿರುತ್ತೀರಿ. ಬಸುರಿ ಬಾಣಂತಿಯರಿಗೆಂದು ಸರ್ಕಾರ ಕೊಡುವ ಮಾತೃಪೂರ್ಣ ಯೋಜನೆಯ ಬಿಸಿಯೂಟ ಊರಿನ ಅಂಗನವಾಡಿಯಲ್ಲಿರುತ್ತದೆ, ಅವಳು ಇನ್ನೊಬ್ಬರ ಹೊಲದಲ್ಲಿರುತ್ತಾಳೆ. ಹುಟ್ಟದ ಮಗುವಿನ ಹಕ್ಕಿನ ಬಗ್ಗೆ ಸದನದಲ್ಲಿ ಮಾತಾಡುವವರು ಮೊದಲು ಆ ಊಟವನ್ನು ಅವಳ ಗುಡಿಸಲಿಗೆ ಮುಟ್ಟಿಸಬೇಕು, ಹಂಗಾಮಿನಲ್ಲಿ ಅವಳ ತಪಾಸಣೆಯ ಹೊಣೆಯನ್ನು ಸಕ್ಕರೆ ಕಾರ್ಖಾನೆಗಳ ಮೇಲೂ ಹೊರಿಸಬೇಕು.

ಮೂಡಲಗಿಯ ಪ್ರಕರಣ ಈಗ ಯಾವ ಹಂತದಲ್ಲಿದೆ, ಯಾರಿಗಾದರೂ ಶಿಕ್ಷೆಯಾಯಿತೇ ಎಂದು ಈ ಅಧಿವೇಶನದಲ್ಲಿ ಸದನಕ್ಕೆ ತಿಳಿಸಿ. ಎಫ್ ನಮೂನೆಗಳು ಕಡತ ಸೇರುವುದಷ್ಟೇ ಅಲ್ಲ, ಅವನ್ನು ಹೆರಿಗೆಯ ದಾಖಲೆಗಳೊಂದಿಗೆ ತಾಳೆ ನೋಡುವವರು ಬೇಕು. ಸಾಂಗಲಿ, ಕೊಲ್ಹಾಪುರ ಜಿಲ್ಲೆಗಳ ಅಧಿಕಾರಿಗಳ ಜೊತೆ ಕೂತು ಗಡಿಯ ಎರಡೂ ಬದಿಗೆ ಒಟ್ಟಿಗೆ ತಪಾಸಣೆ ನಡೆಸಿ. ಹೀಗೆ ನಡೆಸುವಾಗ ಸ್ಕ್ಯಾನ್ ಮಾಡಿಸಿಕೊಂಡ ಹೆಣ್ಣನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಬೇಡಿ. 24ನೆಯ ಕಲಂ ಯಾರನ್ನು ಕರೆಸಬೇಕೆಂದು ಹೇಳಿದೆ.

ನಮ್ಮ ಊರಿನ ಆಶಾ ಕಾರ್ಯಕರ್ತೆ, ಯಾರೂ ಹೇಳದಿದ್ದರೂ, ತಾನಾಗಿ ಮೂರು ಸಲ ನನ್ನ ಮಗಳನ್ನು ನೋಡಲು ಬಂದಳು. ಕೊನೆಯ ಸಲ ಬಂದಾಗ ‘ಕೂಸಿಗೆ ಏನೆಂದು ಹೆಸರಿಡಬೇಕೆಂದಿದ್ದೆ?’ ಎಂದು ಕೇಳಿದಳು. ಅಷ್ಟು ದಿನ ಬಾಯಿ ಬಿಡದ ನನ್ನ ಮಗಳು ಅಂದು ಹೆಸರು ಹೇಳಿದಳು. ಆಶಾ ಅದನ್ನು ತಾಯಿ ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟಳು. ಆ ಹೆಸರನ್ನು ಈ ಪತ್ರದಲ್ಲಿ ಬರೆಯುವುದಿಲ್ಲ. ತಾವು ನಮೂನೆಯಲ್ಲಿ ಜಾಗ ಮಾಡಿಸಿದ ದಿನ ಮಗಳನ್ನು ಕರೆದುಕೊಂಡು ಅದೇ ಕೌಂಟರಿಗೆ ಹೋಗುತ್ತೇನೆ. ಅಲ್ಲಿ ಅವಳೇ ಬರೆಯುತ್ತಾಳೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ